ಒಂದೇ ಸರ್ವರ್ ಹಂಚಿಕೊಂಡವರು ಕ್ರೆಡಿಟ್ ಲೆಕ್ಕ ಇಡಿ

ಗೆಳೆಯರೇ, ದಾವಣಗೆರೆಯಲ್ಲಿ ನಾವು ಮೂವರು ಸೇರಿ ಕ್ಲೌಡ್‌ನಲ್ಲಿ ಒಂದು ಸಣ್ಣ ಸರ್ವರ್ ಬಾಡಿಗೆಗೆ ಹಿಡಿದಿದ್ದೇವೆ. ಮೊದಲು ಬಿಲ್ಲನ್ನು ಮೂರು ಸಮಪಾಲು ಮಾಡುತ್ತಿದ್ದೆವು. ಅದು ತಪ್ಪು ಲೆಕ್ಕ.

ನಾವು ಹಿಡಿದಿರುವ ಅಮೆಜಾನ್‌ನ ಟಿ3 ಮೈಕ್ರೋ ಯಂತ್ರ ಗಂಟೆಗೆ 12 ಕ್ರೆಡಿಟ್ ಗಳಿಸುತ್ತದೆ. ಒಂದು ಕ್ರೆಡಿಟ್ ಎಂದರೆ ಒಂದು ವರ್ಚುವಲ್ ಸಿಪಿಯು (ಯಂತ್ರದಲ್ಲಿ ನಮ್ಮ ಪಾಲಿಗೆ ಬರುವ ಪ್ರೊಸೆಸರ್) ಒಂದು ನಿಮಿಷ ಪೂರ್ತಿ ದುಡಿಯುವಷ್ಟು ಶಕ್ತಿ. ಬಳಸದೆ ಉಳಿದದ್ದು 288ರವರೆಗೆ ಕೂಡುತ್ತದೆ. ಮೊನ್ನೆ ಒಬ್ಬ ಗೆಳೆಯ ಮದುವೆಯ ಫೋಟೊಗಳನ್ನೆಲ್ಲ ಕುಗ್ಗಿಸುವ ಕೆಲಸವನ್ನು ರಾತ್ರಿಯಿಡೀ ಓಡಲು ಬಿಟ್ಟ. ಬೆಳಿಗ್ಗೆ ನೋಡಿದರೆ ಕ್ರೆಡಿಟ್ ಗೆರೆ ಸೊನ್ನೆಗೆ ಅಂಟಿತ್ತು. ಕ್ರೆಡಿಟ್ ಮುಗಿದು ಯಂತ್ರದ ವೇಗ ಇಳಿದಿದ್ದರಿಂದ ಇನ್ನೊಬ್ಬನ ಅಂಗಡಿಯ ಬಿಲ್ಲಿಂಗ್ ಪುಟ ತೆರೆಯಲು ಒದ್ದಾಡುತ್ತಿತ್ತು. ಕೌಂಟರಿನಲ್ಲಿ ಗಿರಾಕಿಗಳು ನಿಂತಿದ್ದರು, ಪಾಪ.

ಈಗ ಡಿಸ್ಕ್ ಮತ್ತು ಐಪಿ ವಿಳಾಸದ ಖರ್ಚು ಮಾತ್ರ ಸಮಪಾಲು. ಯಂತ್ರದ ಬಾಡಿಗೆಯನ್ನು ಯಾರು ಎಷ್ಟು ಸಿಪಿಯು ನಿಮಿಷ ಬಳಸಿದರೋ ಅದರಂತೆ ಹಂಚುತ್ತೇವೆ. ಪ್ರತಿಯೊಬ್ಬರಿಗೂ ಬೇರೆ ಬಳಕೆದಾರ ಖಾತೆ ಕೊಟ್ಟು, ಲಿನಕ್ಸ್‌ನಲ್ಲಿ ಯಾರ ಕೆಲಸ ಎಷ್ಟು ಸಿಪಿಯು ತಿಂದಿತೆಂದು ಬರೆದಿಡುವ ‘ಪ್ರೊಸೆಸ್ ಅಕೌಂಟಿಂಗ್’ ಹಾಕಿಕೊಂಡರೆ ಎಣಿಕೆ ತಾನಾಗಿಯೇ ಸಿಗುತ್ತದೆ.

ಇನ್ನೊಂದು ಮಾತು: ಟಿ3ಯಲ್ಲಿ ‘ಅನ್‌ಲಿಮಿಟೆಡ್’ ಆಯ್ಕೆ ಮೊದಲೇ ಚಾಲೂ ಇರುತ್ತದೆ. ಹಾಗೆಯೇ ಬಿಟ್ಟರೆ ಕ್ರೆಡಿಟ್ ಮುಗಿದಾಗ ವೇಗ ಇಳಿಯುವುದಿಲ್ಲ, ಬಿಲ್ ಏರಬಹುದು. ನಾವು ಮುಂಚೆಯೇ ‘ಸ್ಟ್ಯಾಂಡರ್ಡ್’ಗೆ ಬದಲಿಸಿದ್ದರಿಂದ ಆ ರಾತ್ರಿ ಹೆಚ್ಚಿನ ಹಣ ತೆರಲಿಲ್ಲ. ಯಂತ್ರ ನಿಲ್ಲಿಸಿದರೂ ಡಿಸ್ಕಿನ ಬಾಡಿಗೆ ಓಡುತ್ತಲೇ ಇರುತ್ತದೆ, ಅದನ್ನೂ ನೋಡಿಕೊಳ್ಳಿ.