ಅರಿಯರ್ಸ್ ಲೆಕ್ಕ ಶುರುವಾಗುವ ತಾರೀಖು

ನಾನು ಹಾಸನದವನು. ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಅಮೆರಿಕದ ಸೈನ್ಯ ಸೇರಿದೆ. 2019ರ ಆಗಸ್ಟ್‌ನಲ್ಲಿ ಹೊರಗೆ ಬಂದಾಗ ಸೊಂಟನೋವು, ಮಂಡಿನೋವು, ಕಿವಿಯಲ್ಲಿ ಸದಾ ಗುಂಯ್ ಅನ್ನುವ ಸದ್ದು ಜೊತೆಗೇ ಬಂದವು. ತಿಂಗಳಿಗೊಮ್ಮೆಯಾದರೂ ಕತ್ತಲೆ ಕೋಣೆಯಲ್ಲಿ ಮಲಗಿಸುವ ತಲೆನೋವು ಬೇರೆ.

ಸೇವೆಯಲ್ಲಿ ಅಂಟಿಕೊಂಡ ಗಾಯ, ಕಾಯಿಲೆಗೆ ಇಲ್ಲಿನ ಮಾಜಿ ಸೈನಿಕರ ಇಲಾಖೆ ತಿಂಗಳು ತಿಂಗಳು ಪರಿಹಾರ ಕೊಡುತ್ತದೆ, ಅದಕ್ಕೆ ಕ್ಲೇಮ್ ಅಂದರೆ ಅರ್ಜಿ ಹಾಕಬೇಕು. ಬಿಡುಗಡೆಯಾದ ಒಂದು ವರ್ಷದೊಳಗೆ ಹಾಕಿದ್ದರೆ ಬಿಡುಗಡೆಯ ಮರುದಿನದಿಂದಲೇ ಅರ್ಹತೆ ಸಿಗುತ್ತಿತ್ತು. ನಾನು ಹಾಕಲಿಲ್ಲ. ನೋವು ತಾನಾಗಿಯೇ ಹೋಗುತ್ತೆ ಅಂದುಕೊಂಡೆ. ವರ್ಷ ದಾಟಿದರೆ ಸಾಮಾನ್ಯವಾಗಿ ಕ್ಲೇಮ್ ತಲುಪಿದ ದಿನದಿಂದಷ್ಟೇ ಲೆಕ್ಕ. ಆ ಮೂರೂವರೆ ವರ್ಷದ ದುಡ್ಡು ಹೋಯಿತು. ಈಗಲೂ ನೆನೆದರೆ ಸಂಕಟವಾಗುತ್ತದೆ.

2023ರ ಮಾರ್ಚ್‌ನಲ್ಲಿ ಅಪ್ಪನಿಗೆ ಫೋನ್‌ನಲ್ಲಿ ಹೇಳಿದೆ, ದಾಖಲೆ ಎಲ್ಲ ಸೇರಿದ ಮೇಲೆ ಹಾಕ್ತೀನಿ ಅಂತ. ಅಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಅರಿಯರ್ಸ್‌ಗಾಗಿ ಕಚೇರಿ ಅಲೆದವರು. "ಮೊದಲು ಅರ್ಜಿ ಕೊಟ್ಟು ಸೀಲ್ ಹಾಕಿಸ್ಕೋ ಮಗಾ, ಕಾಗದ ಆಮೇಲೆ ಕೊಡು" ಅಂದರು. ಅಲ್ಲಿ ಸೀಲ್ ಮಾಡುವ ಕೆಲಸವನ್ನೇ ಇಲ್ಲಿ 'ಇಂಟೆಂಟ್ ಟು ಫೈಲ್' ಮಾಡುತ್ತದೆ. ಕ್ಲೇಮ್ ಹಾಕುವ ಉದ್ದೇಶವಿದೆ ಅಂತ ಆನ್‌ಲೈನ್‌ನಲ್ಲೋ ಫೋನ್‌ನಲ್ಲೋ ಫಾರಂನಲ್ಲೋ ತಿಳಿಸಿದರೆ ಸಾಕು, ಒಂದು ವರ್ಷದವರೆಗೆ ಆ ತಾರೀಖು ನಿಮ್ಮದು. ವರ್ಷದೊಳಗೆ ಪೂರ್ತಿ ಕ್ಲೇಮ್ ಹಾಕದಿದ್ದರೆ ಮಾತ್ರ ಅದು ಬಿದ್ದುಹೋಗುತ್ತದೆ.

ಮಾರ್ಚ್ 14ಕ್ಕೆ ಅದನ್ನು ಮಾಡಿದೆ. ಪೂರ್ತಿ ಕ್ಲೇಮ್ ಹಾಕಿದ್ದು 2024ರ ಜನವರಿ 20ಕ್ಕೆ. ತೊಂದರೆ ಎಷ್ಟಿದೆ ಅಂತ ಪರ್ಸೆಂಟ್‌ನಲ್ಲಿ ಅಳೆದು ಅದರ ಮೇಲೆ ದುಡ್ಡು ನಿಗದಿ ಮಾಡುತ್ತಾರೆ. ಸೊಂಟಕ್ಕೆ 20, ಮಂಡಿಗೆ 10, ಕಿವಿಗೆ 10 ಪರ್ಸೆಂಟ್ ಬಂತು. ಇಲ್ಲಿ ಸುಮ್ನೆ ಕೂಡಿಸುವುದಿಲ್ಲ. ಉಳಿದ ಆರೋಗ್ಯದ ಮೇಲೆ ಮುಂದಿನ ಪರ್ಸೆಂಟ್ ಹಾಕುತ್ತಾ ಹೋಗುತ್ತಾರೆ. ಹಾಗೆ ಬಂದ 35ನ್ನು ಹತ್ತರ ಲೆಕ್ಕಕ್ಕೆ ಏರಿಸಿ 40 ಮಾಡಿದರು. ಅರ್ಹತೆ ಮಾರ್ಚ್ 14ರಿಂದ, ದುಡ್ಡು ಮುಂದಿನ ತಿಂಗಳ 1ರಿಂದ, ಅಂದರೆ ಏಪ್ರಿಲ್‌ನಿಂದ. ಹಾಗಾಗಿ ತಿಂಗಳ ಕೊನೆಯಲ್ಲಿದ್ದರೆ ನಾಳೆ ಅನ್ನಬೇಡಿ, 1ನೇ ತಾರೀಖಿಗೆ ಜಾರಿದರೆ ಒಂದು ತಿಂಗಳ ದುಡ್ಡು ಹೋಯಿತು. ಒಂಟಿ ವ್ಯಕ್ತಿಗೆ 40 ಪರ್ಸೆಂಟ್‌ಗೆ 2023ರಲ್ಲಿ ತಿಂಗಳಿಗೆ 731.86 ಡಾಲರ್, ಆ ಡಿಸೆಂಬರ್‌ನಿಂದ 755.28. ಅವತ್ತು ಅಪ್ಪನ ಮಾತು ಕೇಳಿದ್ದಕ್ಕೆ ಹತ್ತು ತಿಂಗಳ 7,365 ಡಾಲರ್ ಉಳಿಯಿತು. ಇದಕ್ಕೆ ಆದಾಯ ತೆರಿಗೆಯೂ ಇಲ್ಲ.

ತಲೆನೋವನ್ನು ಮಾತ್ರ ತಿರಸ್ಕರಿಸಿದ್ದರು. ಸೇವೆಗೂ ಅದಕ್ಕೂ ಸಂಬಂಧ ತೋರಿಸುವ ಪುರಾವೆ ಇಲ್ಲ ಅಂತ 2024ರ ಜುಲೈನ ಪತ್ರದಲ್ಲಿತ್ತು. ಸಿಟ್ಟಿನಲ್ಲಿ ಅದನ್ನು ಡ್ರಾಯರ್‌ಗೆ ಹಾಕಿಬಿಟ್ಟೆ. ತುಂಬ ಜನ ಇಲ್ಲೇ ಕೈಬಿಡುತ್ತಾರೆ, ಕೈಬಿಡಬಾರದ ಜಾಗವೂ ಇದೇ. ಪತ್ರದ ತಾರೀಖಿನಿಂದ ಒಂದು ವರ್ಷದೊಳಗೆ ಹೊಸ ಪುರಾವೆಯೊಂದಿಗೆ 'ಸಪ್ಲಿಮೆಂಟಲ್ ಕ್ಲೇಮ್' ಹಾಕಿ ಗೆದ್ದರೆ ಹಳೆಯ ತಾರೀಖೇ ಉಳಿಯುತ್ತದೆ. 'ಹೈಯರ್ ಲೆವೆಲ್ ರಿವ್ಯೂ', ಅಂದರೆ ಹಿರಿಯ ಅಧಿಕಾರಿಯ ಮರುಪರಿಶೀಲನೆ ಅಂತ ಇನ್ನೊಂದು ದಾರಿಯಿದೆ, ಆದರೆ ಅದರಲ್ಲಿ ಹೊಸ ಪುರಾವೆ ನೋಡುವುದಿಲ್ಲ. ನನಗೆ ಬೇಕಿದ್ದದ್ದೇ ಹೊಸ ಪುರಾವೆ.

ಸೈನ್ಯದ ವೈದ್ಯಕೀಯ ದಾಖಲೆಯನ್ನು ಹಾಳೆ ಹಾಳೆಯಾಗಿ ತಿರುವಿದೆ. ಟ್ರಕ್‌ನಿಂದ ಬಿದ್ದ ವಾರದ ಒಂದು ಚೀಟಿ ಸಿಕ್ಕಿತು. ಓರೆಯಾಗಿ ಸ್ಕ್ಯಾನ್ ಆಗಿತ್ತು. ಬಾಲ್‌ಪೆನ್ನಿನ ಗೀಚು ಅಕ್ಷರದಲ್ಲಿ ತಲೆಗೆ ಪೆಟ್ಟು, ತಲೆನೋವು, ಎರಡು ದಿನ ಲೈಟ್ ಡ್ಯೂಟಿ ಅಂತಿತ್ತು. ಅದನ್ನು ನರರೋಗ ಡಾಕ್ಟರ ಮುಂದಿಟ್ಟೆ. ಈ ತಲೆನೋವು ಆ ಪೆಟ್ಟಿನಿಂದಲೇ ಬಂದಿರುವ ಸಾಧ್ಯತೆ ಕನಿಷ್ಠ ಅರ್ಧಕ್ಕರ್ಧ ಇದೆ ಅಂತ ಕಾರಣ ಸಮೇತ ಬರೆದುಕೊಟ್ಟರು. 'ಇರಬಹುದು' ಅಂತಷ್ಟೇ ಬರೆದರೆ ಸಾಲದು. ಸಾಧ್ಯತೆ ಅರ್ಧಕ್ಕರ್ಧವಾದರೂ ಇದೆ ಅನ್ನುವುದು ಸ್ಪಷ್ಟವಾಗಬೇಕು.

2025ರ ಫೆಬ್ರವರಿಯಲ್ಲಿ ಹಾಕಿದೆ, ಜೂನ್‌ನಲ್ಲಿ ತೀರ್ಮಾನ ಬಂತು. ತಲೆನೋವಿಗೆ 30, ಒಟ್ಟು 60. 40ಕ್ಕೂ 60ಕ್ಕೂ ಎರಡು ವರ್ಷ ಎರಡು ತಿಂಗಳ ವ್ಯತ್ಯಾಸ 15,712 ಡಾಲರ್ ಒಂದೇ ಸಲ ಖಾತೆಗೆ ಬಿತ್ತು.

ಅಪ್ಪನಿಗೆ ಫೋನ್ ಮಾಡಿದೆ. "ಎಷ್ಟು ಅಂತ ಆಮೇಲೆ ಹೇಳು" ಅಂದರು, "ಯಾವ ತಾರೀಖಿನಿಂದ ಕೊಟ್ರು?"

"ಮಾರ್ಚ್ 14ರಿಂದಲೇ ಅಪ್ಪ" ಅಂದೆ.