ಬೋಟ್ ಕಡಲಿಗಿಳಿಯುವ ಮುನ್ನ: ಹೆಪಟೈಟಿಸ್ ಬಿ ಪರೀಕ್ಷೆ, ಲಸಿಕೆ ಹೇಗೆ?

ಆಗಸ್ಟ್ 1ಕ್ಕೆ ಮೀನುಗಾರಿಕೆ ನಿಷೇಧ ಮುಗಿಯುತ್ತದೆ. ಒಡಿಶಾ, ಜಾರ್ಖಂಡ್, ಉತ್ತರ ಪ್ರದೇಶದ ಹುಡುಗರು ಬೋಟಿನ ಕೆಲಸಕ್ಕೆ ಉತ್ತರ ಕನ್ನಡದ ಬೈತಖೋಲ, ತದಡಿ ಬಂದರುಗಳಿಗೆ ಬರುತ್ತಾರೆ. ಮಾಲೀಕರು ಆಧಾರ್ ನೋಡುತ್ತಾರೆ, ಮುಂಗಡ ಕೊಡುತ್ತಾರೆ. ಅದೇ ವಾರ ಎಲ್ಲರಿಗೂ ಹೆಪಟೈಟಿಸ್ ಬಿ (ಲಿವರ್‌ಗೆ ತಗುಲುವ ವೈರಸ್ ಸೋಂಕು) ಪರೀಕ್ಷೆಯನ್ನೂ ಮಾಡಿಸಿಬಿಡಿ.

ಎಲ್ಲರಿಗೂ ಎಂದರೆ ಮಾಲೀಕನಿಗೂ, ಬೋಟ್ ನಡೆಸುವ ತಾಂಡೇಲನಿಗೂ. ‘ಹೊರಗಿನವರು ರೋಗ ತರುತ್ತಾರೆ’ ಎನ್ನುವ ಮಾತು ಬಿಡಿ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲೇ ಸುಮಾರು 3 ಕೋಟಿ ಜನರಲ್ಲಿ ಈ ವೈರಸ್ ಇದೆ. ಅಮೆರಿಕದಲ್ಲಿ ಈ ಸೋಂಕು ಇರುವವರಲ್ಲಿ ಹೆಚ್ಚಿನವರು ಬೇರೆ ದೇಶಗಳಲ್ಲಿ ಹುಟ್ಟಿದವರು. ಭಾರತದಿಂದ ಹೋದವರಿಗೂ ಪರೀಕ್ಷೆ ಮಾಡಿಸಿ ಎಂದು ಅಲ್ಲಿನ ವೈದ್ಯರು ಹೇಳುತ್ತಾರೆ. ಗಲ್ಫ್‌ಗೆ ಹೊರಟ ಭಟ್ಕಳದ ಹುಡುಗರ ಮೆಡಿಕಲ್‌ನಲ್ಲೂ ಈ ಪರೀಕ್ಷೆ ಇರುತ್ತದೆ. ಅಲ್ಲಿಗೆ ನಾವೇ ಹೊರಗಿನವರು, ಅಲ್ವಾ? ಮುಂಡಗೋಡಿನ ಕ್ಯಾಂಪ್‌ನಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರ ಸಮುದಾಯದಲ್ಲೂ ಈ ಸೋಂಕು ಜಾಸ್ತಿ ಎಂದು ಗುರುತಾಗಿದೆ. ಇಂಥ ಕಡೆ ದೊಡ್ಡ ಕಾರಣ ಹೆರಿಗೆ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ದಾಟುವುದು. ಅದರಲ್ಲಿ ಯಾರ ತಪ್ಪೂ ಇಲ್ಲ.

ಮೊದಲ ಕೆಲಸ, ರಕ್ತ ಕೊಡುವುದು. ಪರೀಕ್ಷೆಯ ಹೆಸರು ಎಚ್‌ಬಿಎಸ್‌ಎಜಿ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರಲ್ಲಿ ಶುರುವಾಗಿದೆ. ಅದರಡಿ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ. ಕಾರವಾರದವರು ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಕ್ರಿಮ್ಸ್‌ನಲ್ಲಿ, ಉಳಿದವರು ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ. ವರದಿ ಆಯಾ ಹುಡುಗನ ಕೈಗೇ ಹೋಗಬೇಕು, ಮಾಲೀಕನ ಕೈಗಲ್ಲ. ಪಾಸಿಟಿವ್ ಬಂದರೆ ಕೆಲಸ ಹೋಗುತ್ತದೆ ಎಂಬ ಭಯ ಇದ್ದರೆ ಯಾರೂ ತೋಳು ಚಾಚುವುದಿಲ್ಲ.

ನೆಗೆಟಿವ್ ಬಂದವರಿಗೆ, ಹಿಂದೆ ಲಸಿಕೆ ಆಗಿರದಿದ್ದರೆ, ಮೂರು ಡೋಸ್ ಹಾಕಿಸಿ. ಇವತ್ತು ಒಂದು, ತಿಂಗಳಿಗೆ ಇನ್ನೊಂದು, ಮೊದಲ ಡೋಸಿನಿಂದ ಆರು ತಿಂಗಳಿಗೆ ಮೂರನೆಯದು. ಅಂದರೆ ಆಗಸ್ಟ್, ಸೆಪ್ಟೆಂಬರ್, ಫೆಬ್ರುವರಿ. ಹುಡುಗರು ಊರಿಗೆ ಮರಳುವುದು ಮೇ ಕೊನೆಗೆ. ಒಂದೇ ಸೀಸನ್‌ನಲ್ಲಿ ಮೂರೂ ಮುಗಿಯುತ್ತವೆ! ದೊಡ್ಡವರ ಲಸಿಕೆಗೆ ಸಾಮಾನ್ಯವಾಗಿ ದುಡ್ಡು ಕೊಡಬೇಕು. ಆ ಖರ್ಚನ್ನು ಮಾಲೀಕರೇ ಹಾಕಲಿ. ಬಲೆ, ಡೀಸೆಲ್‌ನ ಲೆಕ್ಕದ ಮುಂದೆ ಅದು ದೊಡ್ಡದಲ್ಲ.

ಪಾಸಿಟಿವ್ ಬಂದರೆ ಗಾಬರಿ ಬೇಡ, ಉದಾಸೀನವೂ ಬೇಡ. ಸೋಂಕು ಆರು ತಿಂಗಳ ಮೇಲೂ ಉಳಿದರೆ ಅದು ದೀರ್ಘಕಾಲದ್ದು. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಬೇಕಾದವರಿಗೆ ಟೆನೋಫೋವಿರ್, ದಿನಕ್ಕೊಂದು. ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಲೇಬಾರದು. ಮಾತ್ರೆ ಇರಲಿ, ಇಲ್ಲದಿರಲಿ, ವೈದ್ಯರು ಹೇಳಿದ ಹೊತ್ತಿಗೆ ಲಿವರ್ ತಪಾಸಣೆ ಆಗಬೇಕು. ಸಾರಾಯಿ ಪೂರ್ತಿ ಬಿಡಬೇಕು. ನಮ್ಮ ಕಡೆ ಕಾಮಾಲೆ ಎಂದರೆ ನೆಲನೆಲ್ಲಿ ಕಷಾಯ. ಕಣ್ಣಿನ ಹಳದಿ ಹೋದ ಮಾತ್ರಕ್ಕೆ ವೈರಸ್ ಹೋಯಿತು ಎಂದಲ್ಲ. ಬಹಳ ಜನರಿಗೆ ಹಳದಿ ಕಾಣಿಸುವುದೇ ಇಲ್ಲ. ಒಳಗೊಳಗೇ ಲಿವರ್ ಗಟ್ಟಿಯಾಗುತ್ತದೆ, ಕ್ಯಾನ್ಸರ್ ಆಗುವುದೂ ಉಂಟು.

ಬೋಟಿನಲ್ಲಿ ಗಮನ ಕೊಡಬೇಕಾದದ್ದು ರಕ್ತಕ್ಕೆ. ವಾರಗಟ್ಟಲೆ ಕಡಲಲ್ಲಿರುವಾಗ ಒಂದೇ ರೇಜರ್ ನಾಲ್ಕು ಕೆನ್ನೆ ದಾಟುತ್ತದೆ. ಮೀನಿನ ಮುಳ್ಳು, ತಂತಿಹಗ್ಗದ ಎಳೆ ಅಂಗೈ ಸೀಳುತ್ತದೆ. ಒಬ್ಬನ ಗಾಯಕ್ಕೆ ಸುತ್ತಿದ ಬಟ್ಟೆಯನ್ನೇ ಇನ್ನೊಬ್ಬನ ಗಾಯಕ್ಕೂ ಸುತ್ತುತ್ತಾರೆ. ಒಣಗಿದ ರಕ್ತದಲ್ಲೂ ಈ ವೈರಸ್ ಏಳು ದಿನ ಬದುಕಬಲ್ಲದು. ಹಾಗಾಗಿ ರೇಜರ್, ಬ್ರಷ್, ಉಗುರು ಕತ್ತರಿ ಒಬ್ಬೊಬ್ಬರದು ಬೇರೆ. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವುದಾದರೆ ಹೊಸ ಸೂಜಿ. ಲೈಂಗಿಕ ಸಂಪರ್ಕದಿಂದಲೂ ಹರಡುತ್ತದೆ, ಕಾಂಡೋಮ್ ಬಳಸಿ. ಒಂದೇ ತಾಟಿನಲ್ಲಿ ಉಂಡರೆ, ಪಕ್ಕದಲ್ಲಿ ಮಲಗಿದರೆ, ಕೆಮ್ಮಿದರೆ ಬರುವುದಿಲ್ಲ. ಪಾಸಿಟಿವ್ ಬಂದ ಹುಡುಗನಿಗೆ ಬೇರೆ ತಟ್ಟೆ ಇಡುವುದು ಅನ್ಯಾಯ.

ಕುಟುಂಬ ಕರೆತಂದವರ ಮನೆಯಲ್ಲಿ ಬಸುರಿ ಇದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಅವಳ ರಕ್ತ ಪರೀಕ್ಷೆ ಮಾಡಿಸಿ. ಹುಟ್ಟಿದಾಗ ತಗುಲಿದ ಸೋಂಕು ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಉಳಿದುಬಿಡುತ್ತದೆ. ದೊಡ್ಡವರಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆ. ಅದಕ್ಕೇ ಮಗುವಿಗೆ 24 ಗಂಟೆಯೊಳಗೆ ಮೊದಲ ಲಸಿಕೆ ಬೀಳಬೇಕು. ತಾಯಿ ಪಾಸಿಟಿವ್ ಆಗಿದ್ದರೆ ಮಗುವಿಗೆ ಇಮ್ಯುನೊಗ್ಲಾಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯ) ಚುಚ್ಚುಮದ್ದೂ ಬೇಕು. ಹಾಲೂಡಿಸಲು ಅಡ್ಡಿಯಿಲ್ಲ. ಆಮೇಲೆ 6, 10, 14ನೇ ವಾರ ಪೆಂಟಾವ್ಯಾಲೆಂಟ್, ಅಂದರೆ ಹೆಪಟೈಟಿಸ್ ಬಿ ಸೇರಿದ ಐದು ರೋಗಗಳ ಲಸಿಕೆ. ಅಷ್ಟರಲ್ಲಿ ಊರು ಬಿಡಬೇಕಾದರೆ ತಾಯಿ ಕಾರ್ಡನ್ನು ಜೊತೆಗೆ ಒಯ್ಯಿರಿ, ಅದರ ಫೋಟೊ ಮೊಬೈಲ್‌ನಲ್ಲೂ ಇರಲಿ. ಅದನ್ನು ತೋರಿಸಿದರೆ ಉಳಿದ ಡೋಸ್ ಬೇರೆ ರಾಜ್ಯದಲ್ಲೂ ಹಾಕುತ್ತಾರೆ.