ನಾನ್-ವಿಂಟೇಜ್ ಶಾಂಪೇನ್ 8 ವರ್ಷ ಇಟ್ಟು ಕುಡಿದಿದ್ದು: ನನ್ನ ಅನುಭವ

"ನಾನ್-ವಿಂಟೇಜ್ ಯಾರಾದ್ರೂ ಇಟ್ಕೊಂಡು ಕೂರ್ತಾರಾ, ತಂದ ವರ್ಷನೇ ಕುಡಿದು ಮುಗಿಸ್ಬೇಕು" ಅಂತ ನನಗೆ ಹೇಳದೇ ಇದ್ದೋರೇ ಇಲ್ಲ. ನಾನ್-ವಿಂಟೇಜ್ ಅಂದ್ರೆ ಬೇರೆ ಬೇರೆ ವರ್ಷದ ವೈನ್ ಬೆರೆಸಿ ಮಾಡಿದ ಶಾಂಪೇನ್, ವಿಂಟೇಜ್ ಅಂದ್ರೆ ಒಂದೇ ವರ್ಷದ ಬೆಳೆದು. ನಮ್ಮ ಟೇಸ್ಟಿಂಗ್ ಗುಂಪಲ್ಲಿ ಒಬ್ರು ಹಿರಿಯರಿದ್ದಾರೆ, ಅವರ ಮೂಗಿನ ಮೇಲೆ ನನಗೆ ಈಗ್ಲೂ ಪೂರ್ತಿ ನಂಬಿಕೆ, ಅವ್ರೇ ಹೇಳಿದ್ರು, ಇದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ ಆಗುತ್ತೆ, ಒಂದಿಡೀ ಕೇಸಿನ ದುಡ್ಡಲ್ಲಿ ಮೂರ್ನಾಲ್ಕು ಒಳ್ಳೆ ವಿಂಟೇಜ್ ಬಾಟಲಿ ತಗೋ ಅಂತ. ಹೋದ ತಿಂಗಳು ಅವರ ಮುಂದೇನೇ ಯಾವುದು ಯಾವುದು ಅಂತ ಗೊತ್ತಾಗದ ಹಾಗೆ ನಾಲ್ಕು ಬಾಟಲಿಗೆ ಬಟ್ಟೆ ಸುತ್ತಿ ಇಟ್ಟೆ. ನನ್ನ ಬಿಟ್ಟು ಐದು ಜನ ಇದ್ರು, ನಾಲ್ಕು ಜನ ನನ್ನ 8 ವರ್ಷದ ನಾನ್-ವಿಂಟೇಜ್‌ಗೇ ಮೊದಲ ಸ್ಥಾನ ಕೊಟ್ರು, ಆ ಹಿರಿಯರೂ ಸೇರಿ. ಪಕ್ಕದಲ್ಲಿ ಕೂತಿದ್ದು ಅದರ ಹೆಚ್ಚುಕಮ್ಮಿ ಮೂರು ಪಟ್ಟು ಬೆಲೆಯ 2008ರ ವಿಂಟೇಜ್.

2008ಕ್ಕಿಂತ ನನ್ನದು ದೊಡ್ಡ ವೈನ್ ಅಂತ ನಾನು ಹೇಳ್ತಿಲ್ಲ. 2008ರ ಹುಳಿ ಎಷ್ಟು ಗಟ್ಟಿ ಅಂತ ಕುಡಿದವ್ರಿಗೆ ಗೊತ್ತು, ಆ ಬಾಟಲಿ ಇನ್ನೂ ಬಾಯಿ ಬಿಟ್ಟಿರ್ಲಿಲ್ಲ. ನಂದು ಸರಿಯಾದ ಟೈಮಲ್ಲಿತ್ತು, ಅಷ್ಟೇ. ಆ ಟೈಮ್ ಯಾವುದು ಅಂತ ಕಂಡುಹಿಡಿಯೋಕೇ ನನಗೆ ಇಷ್ಟು ವರ್ಷ, ಇಷ್ಟು ದುಡ್ಡು ಹೋಗಿದ್ದು.

ಮೊದಲು ಕಳ್ಕೊಂಡಿದ್ದು ಹೇಳ್ತೀನಿ. ಮೊದಲನೇ ಕೇಸ್ 12 ಬಾಟಲಿ, ಮನೇಲಿ ಕತ್ತಲೆ ಇದ್ದ ಒಂದು ಕಪಾಟಿನ ಮೇಲ್ಗಡೆ ಅರೆಯಲ್ಲಿ ಮಲಗಿಸಿದ್ದೆ. ಕತ್ತಲೆ ಇದ್ರೆ ಸಾಕು ಅನ್ಕೊಂಡಿದ್ದೆ, ಬಿಸಿ ಗಾಳಿ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತೆ ಅನ್ನೋದು ತಲೆಗೆ ಹೋಗ್ಲಿಲ್ಲ. ಮೂರನೇ ವರ್ಷಕ್ಕೆ ಬಣ್ಣ ಗಾಢ ಹಳದಿ ದಾಟಿ ಕಂದಿಗೆ ತಿರುಗಿತ್ತು, ಎರಡು ಕಾರ್ಕ್ ಸೋರಿ ಫಾಯಿಲ್ ಒಳಗೆ ಅಂಟಂಟು, ಗುಳ್ಳೆ ಅಂತೂ ಕಾಟಾಚಾರಕ್ಕೆ. ಪೆಟ್ಟು ಬಿದ್ದು ಕಂದಿದ ಸೇಬಿನ ವಾಸನೆ. ಒಂಬತ್ತು ಬಾಟಲಿ ಇನ್ನೂ ಬಾಕಿ ಇತ್ತು, ಒಂದೊಂದೇ ತೆಗೆದು ಸಿಂಕಿಗೆ ಸುರಿದಾಗ ಹೊಟ್ಟೆ ಉರೀತು.

ಎರಡನೇ ಸಲ ಬುದ್ಧಿ ಬಂತು ಅಂತ ಇನ್ನೊಂದು ಕೇಸನ್ನ ಮಾಮೂಲಿ ಫ್ರಿಜ್ಜಲ್ಲಿಟ್ಟೆ. ಅಲ್ಲಿ ತಂಪೇನೋ ಇದೆ, ಆದ್ರೆ ಒಳಗಿನ ಗಾಳಿ ಒಣ, ಬಾಗಿಲು ದಿನಕ್ಕೆ ಹತ್ತು ಸಲ ತೆಗೀತೀವಿ. ಎರಡು ವರ್ಷದಲ್ಲಿ ಕಾರ್ಕ್ ಕುಗ್ಗಿ ಕೈಯಲ್ಲಿ ಸುಮ್ನೆ ತಿರುಗ್ತಿತ್ತು. ವೈನ್ ಕೆಟ್ಟಿರ್ಲಿಲ್ಲ, ಬೆಳೆದೂ ಇರ್ಲಿಲ್ಲ. ಅಷ್ಟು ತಂಪಲ್ಲಿ ಅದು ನಿದ್ದೆ ಮಾಡ್ತಾ ಇರುತ್ತೆ. ಆಮೇಲೆ ಸಾಲ ಮಾಡದೆ, ಒಂದಿಡೀ ವರ್ಷ ಹೊಸ ಬಾಟಲಿ ತಗೊಳ್ಳದೆ ಉಳಿಸಿ ಒಂದು ವೈನ್ ಕ್ಯಾಬಿನೆಟ್ ತಗೊಂಡೆ. 11-12 ಡಿಗ್ರಿಗೆ ಸೆಟ್ ಮಾಡಿ ಇವತ್ತಿನವರೆಗೂ ಮುಟ್ಟಿಲ್ಲ. ಬಾಟಲಿಗಿಂತ ಮೊದಲು ಜಾಗಕ್ಕೆ ದುಡ್ಡು ಹಾಕಿದ್ರೆ ಆ ಎರಡು ಕೇಸ್ ಉಳೀತಿತ್ತು.

ಈಗ ಗೆದ್ದ ಕೇಸಿನ ವಿಷಯ. ಒಬ್ಬ ಸಣ್ಣ ಗ್ರೋವರ್‌ದು, ಅಂದ್ರೆ ದ್ರಾಕ್ಷಿ ತಾನೇ ಬೆಳೆದು ಶಾಂಪೇನ್ ಮಾಡೋ ರೈತಂದು, ಪಿನೋ ನುವಾರ್ ದ್ರಾಕ್ಷಿ ಜಾಸ್ತಿ, ಶಾರ್ಡೊನೆ ಸ್ವಲ್ಪ, ಡೋಸಾಜ್, ಅಂದ್ರೆ ಕೊನೇಲಿ ಸೇರಿಸೋ ಸಕ್ಕರೆ, ಲೀಟರಿಗೆ ನೆನಪಿದ್ದ ಹಾಗೆ 7-8 ಗ್ರಾಂ. ನಾನ್-ವಿಂಟೇಜ್‌ಗೆ ಬಾಟಲೀಲಿ 15 ತಿಂಗಳು ಇಟ್ರೆ ರೂಲ್ ಪ್ರಕಾರ ಸಾಕು, ಇವ್ರು ಸುಮಾರು ಮೂರು ವರ್ಷ ಲೀಸ್ ಮೇಲೆ, ಅಂದ್ರೆ ಸತ್ತ ಯೀಸ್ಟಿನ ಗಸಿ ಜೊತೆ, ಇಟ್ಟಿದ್ರು. ಎಲ್ಲಕ್ಕಿಂತ ಮುಖ್ಯ, ಹಿಂದಿನ ಲೇಬಲ್ ಮೇಲೆ ಡಿಸ್ಗಾರ್ಜ್ ಮಾಡಿದ, ಅಂದ್ರೆ ಆ ಗಸಿ ತೆಗೆದು ಕಾರ್ಕ್ ಹಾಕಿದ, ತಾರೀಖು ಇತ್ತು, 12ಕ್ಕೆ 12ರಲ್ಲೂ ಅದೇ ತಾರೀಖು. ಇದಕ್ಕೆ ಮುಂಚೆ ಒಬ್ಬ ಮಾರಾಟಗಾರ "ಎಲ್ಲಾ ಒಂದೇ ಲಾಟ್" ಅಂತ ಕೊಟ್ಟ ಕೇಸಲ್ಲಿ ಮೂರು ಬೇರೆ ಬೇರೆ ತಾರೀಖಿನ ಬಾಟಲಿ ಬೆರೆತಿದ್ವು, ಎರಡು ವರ್ಷ ನೋಟ್ಸ್ ಬರೆದ ಮೇಲೆ ಅದು ಗೊತ್ತಾಯ್ತು, ಆ ನೋಟ್ಸೆಲ್ಲ ದಂಡ. ಹಾಗಾಗಿ ಈಗ ಪ್ರತಿ ಬಾಟಲಿ ತಿರುಗಿಸಿ ಓದದೆ ದುಡ್ಡು ಕೊಡಲ್ಲ. ಕೆಲವು ಶಾಂಪೇನ್ ಕಂಪನಿಯವ್ರು ತಾರೀಖು ನೇರವಾಗಿ ಹಾಕಲ್ಲ, ಕೋಡ್ ಹಾಕ್ತಾರೆ. ಕ್ರುಗ್ ಬಾಟಲಿ ಹಿಂದೆ ಇರೋ ಐಡಿ ನಂಬರಿನ ಮೊದಲ ಮೂರು ಅಂಕಿ ಓದೋಕೆ ಬಂದ್ರೆ ಯಾವ ವರ್ಷದ ಯಾವ ಮೂರು ತಿಂಗಳಲ್ಲಿ ಕಾರ್ಕ್ ಬಿತ್ತು ಅಂತ ಗೊತ್ತಾಗುತ್ತೆ. ನನ್ನ ಲೆಕ್ಕದಲ್ಲಿ ಗಡಿಯಾರ ಶುರುವಾಗೋದು ಆ ದಿನದಿಂದ.

ವಿಧಾನ ಅಂದ್ರೆ ಇಷ್ಟೇ. ತಂದ ದಿನ ಒಂದು, ಆಮೇಲೆ ವರ್ಷಕ್ಕೊಂದು, ಅದೇ ತಿಂಗಳು, ಅದೇ ಟ್ಯೂಲಿಪ್ ಗ್ಲಾಸು. ಉದ್ದ ಸಪೂರ ಫ್ಲೂಟ್ ಗ್ಲಾಸ್ ನಾನು ಎಂದೋ ಬಿಟ್ಟೆ, ಅದರಲ್ಲಿ ಮೂಗಿಗೆ ಏನೂ ಸಿಗಲ್ಲ. ಹಳೇ ನೋಟ್ಸ್ ಓದದೆ ಮೊದಲು ಬರೀಬೇಕು, ಬರೆದಾದ ಮೇಲೇ ಹಿಂದಿನ ಪುಟ ತಿರುಗಿಸ್ಬೇಕು. ಇದೊಂದು ನಿಯಮ ಮುರಿದ್ರೆ ಹೋದ ವರ್ಷ ಬರೆದಿದ್ದೇ ಈ ವರ್ಷನೂ ಬಾಯಿಗೆ ಬರುತ್ತೆ, ನಾನು ಪರೀಕ್ಷೆ ಮಾಡಿ ನೋಡಿದ್ದೀನಿ.

ಶುರುವಲ್ಲಿ ಹಸಿ ಸೇಬು, ನಿಂಬೆ ಸಿಪ್ಪೆ, ಡೋಸಾಜಿನ ಸಿಹಿ ಬೇರೆ ಹುಳಿ ಬೇರೆ ನಿಂತಂಗಿತ್ತು. ಒಂದು ವರ್ಷಕ್ಕೆ ಅವೆರಡೂ ಒಂದಾದ್ವು. ಎರಡು, ಮೂರನೇ ವರ್ಷ ಬಾಯಿ ಮುಚ್ಕೊಂಡ್ತು, ಹಣ್ಣು ಹೋಗಿತ್ತು, ಬೇರೇನೂ ಬಂದಿರ್ಲಿಲ್ಲ. ಇಲ್ಲೇ ಎಲ್ರೂ ಸೋಲೋದು. ನಾನೂ ಆವಾಗ ಉಳಿದಿದ್ದನ್ನ ಮಾರಿಬಿಡೋಣ ಅಂತ ಇಬ್ಬರನ್ನ ಕೇಳಿದ್ದೆ, ಕೊಂಡ ಬೆಲೆಯ ಅರ್ಧಕ್ಕೂ ಯಾರೂ ಬರ್ಲಿಲ್ಲ, ಅದೇ ಒಳ್ಳೇದಾಯ್ತು. ನಾಲ್ಕನೇ ವರ್ಷ ಕಾಯಿಸಿದ ಬ್ರೆಡ್ಡಿನ ವಾಸನೆ ಮೊದಲ ಸಲ ಬಂತು. ಐದನೇ ವರ್ಷದ ಬಾಟಲಿ ಕಾರ್ಕ್ಡ್, ಅಂದ್ರೆ ಕಾರ್ಕಿನಿಂದ ಕೆಟ್ಟಿದ್ದು, ನೆಂದ ರಟ್ಟಿನ ವಾಸನೆ, ಅದನ್ನ ತರೋ ಟಿಸಿಎ ಅನ್ನೋ ರಾಸಾಯನಿಕ ಹೊಡೆದ್ರೆ ಏನು ಕಾದ್ರೂ ಅಷ್ಟೇ, ಇನ್ನೊಂದು ತೆಗೆದೆ. ಆರರಲ್ಲಿ ಜೇನು, ಹುರಿದ ಬಾದಾಮಿ. ಏಳರಲ್ಲಿ ಅಣಬೆ ಇಣುಕಿತು, ಗುಳ್ಳೆ ಕಮ್ಮಿ ಆಗಿ ಸಣ್ಣದಾಯ್ತು, ನಾಲಿಗೆ ಮೇಲೆ ಚುಚ್ಚೋ ಬದಲು ಕೆನೆ ತರ ಹರಡ್ತಿತ್ತು. ಎಂಟರಲ್ಲಿ ಇವೆಲ್ಲ ಇದ್ದು, ಜೊತೆಗೆ ಆ ಮೊದಲನೇ ವರ್ಷದ ನಿಂಬೆ ಹುಳಿ ತುದೀಲಿ ವಾಪಸ್ ಬಂದಿತ್ತು. ಅದು ಬರುತ್ತೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ. ಆ ರಾತ್ರಿ ಗ್ಲಾಸ್ ತೊಳೆಯೋಕೆ ಮನಸ್ಸು ಬರ್ಲಿಲ್ಲ, ಬೆಳಿಗ್ಗೆ ಎದ್ದು ಖಾಲಿ ಗ್ಲಾಸ್ ಇನ್ನೊಂದು ಸಲ ಮೂಸಿ ನೋಡಿದೆ.

ಕಾರ್ಕುಗಳನ್ನೂ ಇಟ್ಕೊಂಡಿದ್ದೀನಿ, ಸಾಲಾಗಿ ಜೋಡಿಸಿದ್ರೆ ಕಥೆ ಅವೇ ಹೇಳ್ತವೆ. ಮೊದಲ ವರ್ಷದ್ದು ಹೊರಗೆ ಬಂದ ತಕ್ಷಣ ಕೆಳಗಡೆ ಲಂಗದ ತರ ಅರಳಿದೆ, ಎಂಟನೇ ವರ್ಷದ್ದು ಗೂಟದ ತರ ನೆಟ್ಟಗಿದೆ. ಹೊಸದು ಅಂತ ಯಾರಾದ್ರೂ ಹಳೇ ಸ್ಟಾಕ್ ಕೊಟ್ರೆ ಕಾರ್ಕ್ ತೆಗೆದ ಕ್ಷಣದಲ್ಲೇ ಗೊತ್ತಾಗುತ್ತೆ.

ನಡುವೆ ಬೇರೆ ಪ್ರಯೋಗಗಳೂ ಆದ್ವು. ಝೀರೋ ಡೋಸಾಜ್ ಶುದ್ಧ, ಅದೇ ಚೆನ್ನಾಗಿ ಬೆಳೆಯುತ್ತೆ ಅಂತ ಆರು ಬಾಟಲಿ ಇಟ್ಟಿದ್ದೆ, ನಾಲ್ಕನೇ ವರ್ಷಕ್ಕೆ ಸೊರಗಿ ಹೋಯ್ತು. ಡೋಸಾಜಿನ ಆ ಚೂರು ಸಕ್ಕರೆ ವೈನಲ್ಲಿರೋ ಅಮೈನೋ ಆಮ್ಲದ ಜೊತೆ ನಿಧಾನಕ್ಕೆ ಸೇರಿ ಆ ಹುರಿದ ವಾಸನೆ ಕೊಡುತ್ತೆ ಅಂತಾರೆ, ಸಕ್ಕರೆನೇ ಇಲ್ದಿದ್ರೆ ಅದೆಲ್ಲಿಂದ ಬರ್ಬೇಕು. ಆಮೇಲೆ ತಡವಾಗಿ ಡಿಸ್ಗಾರ್ಜ್ ಮಾಡಿದ ಬಾಟಲಿ, ಬೊಲಾಂಜೆ ಕಂಪನಿಯವ್ರು 1952ರ ವಿಂಟೇಜಿನಿಂದ ಆರ್.ಡಿ. (ಇತ್ತೀಚೆಗೆ ಡಿಸ್ಗಾರ್ಜ್ ಆಗಿದ್ದು) ಅಂತ ತಂದ್ರಲ್ಲ, ಆ ಜಾತಿದು, ಬೇರೆ ಕಂಪನೀದು, ಎರಡು ತಗೊಂಡಿದ್ದೆ. ಒಂದು ತಕ್ಷಣ ಕುಡಿದೆ, ಅದ್ಭುತ. ಇನ್ನೊಂದು ಐದು ವರ್ಷ ಇಟ್ಟೆ, ಬಳಲಿ ಹೋಗಿತ್ತು. ವಯಸ್ಸಾದ ವೈನಿಗೆ ಡಿಸ್ಗಾರ್ಜ್ ಮಾಡುವಾಗ ಬೀಳೋ ಆಮ್ಲಜನಕದ ಹೊಡೆತ ತಡ್ಕೊಳ್ಳೋದು ಕಷ್ಟ ಅನ್ಸುತ್ತೆ, ಎಳೇದ್ರಲ್ಲಿ ಡಿಸ್ಗಾರ್ಜ್ ಆಗಿದ್ದೇ ಇಡೋಕೆ ವಾಸಿ. ಒಂದೇ ಬಾಟಲಿ ನಂಬ್ಕೊಂಡು ಹೇಳ್ತಿದ್ದೀನಿ, ವಾದಕ್ಕೆ ಬರೋರು ಬನ್ನಿ.

ಅರ್ಧ ಬಾಟಲಿ ಇಡೋಕೆ ಹೋಗ್ಬೇಡಿ, ವೈನ್ ಕಮ್ಮಿ, ಕಾರ್ಕಿನಿಂದ ಒಳಗೆ ಬರೋ ಗಾಳಿ ಅಷ್ಟೇ, ಬೇಗ ಮುದಿಯಾಗುತ್ತೆ. ಎರಡು ಬಾಟಲಿಯಷ್ಟು ಹಿಡಿಸೋ ಮ್ಯಾಗ್ನಮ್ ಇದಕ್ಕೆ ಪೂರ್ತಿ ಉಲ್ಟಾ, ಅದರ ಬೆಲೆ ಎರಡು ಬಾಟಲಿಗಿಂತ ಜಾಸ್ತಿ ಕೇಳ್ತಾರೆ, ಆದ್ರೂ ಕೊಡ್ಬಹುದು. ಬಿಳೀ ಗಾಜಿನ ಬಾಟಲಿ ಒಂದನ್ನ ಟ್ಯೂಬ್ ಲೈಟ್ ಕೆಳಗೆ ಚೆಂದಕ್ಕೆ ಅಂತ ಇಟ್ಟಿದ್ದೆ, ಬೆಂದ ಎಲೆಕೋಸಿನ ವಾಸನೆ ಹಿಡೀತು. ಕ್ರಿಸ್ಟಲ್ ಅನ್ನೋ ಶಾಂಪೇನಿನ ಬಾಟಲಿಗೆ ಹಳದಿ ಹಾಳೆ ಸುತ್ತಿರೋದು ಯಾಕೆ ಅಂತ ಅವತ್ತು ಅರ್ಥ ಆಯ್ತು.

ರೆಡ್ ವೈನಲ್ಲಿ ನನ್ನ ಕೈ ಸುಟ್ಟಿದ್ದು ಹರಾಜಲ್ಲಿ. 80ರ ದಶಕದ ಮೆಡೋಕ್ (ಫ್ರಾನ್ಸಿನ ಬೋರ್ಡೋ ಕಡೆಯ ರೆಡ್ ವೈನ್) ಆರು ಬಾಟಲಿ, ಎರಡು ಶಾಂಪೇನ್ ಕೇಸಿನ ದುಡ್ಡು. ವೈನ್ ಮಟ್ಟ ಬಾಟಲಿ ಭುಜದ ಮಧ್ಯಕ್ಕೆ ಇಳಿದಿತ್ತು, ಫೋಟೋದಲ್ಲಿ ಕಂಡ್ರೂ ಹೆಸರಿನ ಆಸೆಗೆ ಹರಾಜು ಕೂಗಿದೆ. ಎರಡು ಹುಳಿ ಹುಳಿ, ಒಂದು ಕಾರ್ಕ್ಡ್, ಎರಡು ಸಪ್ಪೆ, ಒಂದೇ ಒಂದು ಸೊಗಸಾಗಿತ್ತು, ಸೀಡರ್ ಮರ, ಒಣ ಎಲೆ, ಟ್ಯಾನಿನ್ ಕರಗಿ ರೇಷ್ಮೆ ಆಗಿತ್ತು. ಆ ಒಂದರ ಬೆಲೆ ಆರು ಬಾಟಲಿದು ಅಂತ ಲೆಕ್ಕ ಹಾಕ್ಕೋಬೇಕು. ಅದೇ ದುಡ್ಡಿಗೆ ಒಳ್ಳೆ ರೀಸ್ಲಿಂಗ್ ಬಿಳಿ ವೈನ್ ಎರಡು ಕೇಸ್ ಬರ್ತಿತ್ತು, ಸೀಮೆಎಣ್ಣೆ ವಾಸನೆ ಬಂತು ಅಂತ ಜನ ಹೆದರ್ತಾರೆ, ನನಗೆ ಅದೇ ಇಷ್ಟ, ಅದರ ಬಗ್ಗೆ ಬೇರೆ ದಿನ ಬರೀತೀನಿ.

ಸುರಿಯೋದ್ರ ಬಗ್ಗೆ ಒಂದು ಮಾತು. ಹಳೇ ಶಾಂಪೇನ್ 6 ಡಿಗ್ರಿಯಲ್ಲಿ ಕುಡಿದ್ರೆ ಎಂಟು ವರ್ಷ ಕಾದಿದ್ದೆಲ್ಲ ಗ್ಲಾಸಲ್ಲೇ ಮುಚ್ಚಿರುತ್ತೆ, ನಾನು 11-12ರಲ್ಲಿ ಸುರೀತೀನಿ. ಮೊದಲ ಮೂಸಿಗೆ ತೀರ್ಪು ಕೊಡಲೇಬಾರದು. 2010ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಓಲಂಡ್ ದ್ವೀಪಗಳ ಹತ್ರ ಮುಳುಗಿದ್ದ ಹಡಗಲ್ಲಿ 168 ಬಾಟಲಿ ಶಾಂಪೇನ್ ಸಿಕ್ತಲ್ಲ, ಸುಮಾರು 170 ವರ್ಷ ತಂಪು ಕತ್ತಲಲ್ಲಿ ಇದ್ದಿದ್ದು, ಲೀಟರಿಗೆ 150 ಗ್ರಾಂ ಹತ್ರ ಸಕ್ಕರೆ. ಅದನ್ನ ರುಚಿ ನೋಡಿದವ್ರಿಗೆ ಮೊದಲು ಸಿಕ್ಕಿದ್ದು ಒದ್ದೆ ಕೂದಲು, ಪ್ರಾಣಿ ವಾಸನೆ, ಗ್ಲಾಸ್ ತಿರುಗಿಸ್ತಾ ಇದ್ದ ಹಾಗೆ ಹೊಗೆ, ಚರ್ಮ, ಹಣ್ಣು, ಹೂವು ಎಲ್ಲ ಹೊರಗೆ ಬಂತು. ಇದನ್ನ ಓದಿದ ಮೇಲೆ ನಾನು ಹಿಂದೆ ಸಿಂಕಿಗೆ ಸುರಿದ ಕೆಲವು ಬಾಟಲಿ ನೆನಪಾಗಿ ಎರಡು ದಿನ ಬೇಜಾರಾಗಿತ್ತು. ಈಗ ಕನಿಷ್ಠ 20 ನಿಮಿಷ ಗ್ಲಾಸಲ್ಲಿ ಬಿಡ್ತೀನಿ. ಗುಳ್ಳೆ ಪೂರ್ತಿ ಸತ್ತಿರೋ ಹಳೇ ಬಾಟಲಿ ಆದ್ರೆ ಎಳೇ ಶಾಂಪೇನ್ ಸ್ವಲ್ಪ ಬೆರೆಸಿ ನೋಡಿ, ಜೀವ ಬರುತ್ತೆ. ಎಷ್ಟು ಪಾಲು, ಯಾವುದನ್ನ ಮೊದಲು ಸುರೀಬೇಕು ಅನ್ನೋದು ನನ್ನ ಹತ್ರನೇ ಇರ್ಲಿ.

ಇನ್ನೊಂದನ್ನೂ ಈಗ ಹೇಳಲ್ಲ. ತಂದ ದಿನ ತೆಗೆದ ಮೊದಲ ಬಾಟಲೀಲಿ, ಮಾರನೇ ದಿನಕ್ಕೆ ಅಂತ ಉಳಿಸಿದ ಗ್ಲಾಸಲ್ಲಿ ಒಂದು ಗುರುತು ಸಿಗುತ್ತೆ, ಅದು ಇದ್ರೆ ಆ ಕೇಸ್ ಇಡಬಹುದು, ಇಲ್ದಿದ್ರೆ ಆ ವರ್ಷನೇ ಕುಡಿದು ಮುಗಿಸೋದು. ನಾಲ್ಕು ಕೇಸಲ್ಲಿ ನಾಲ್ಕೂ ಸರಿ ಹೋಗಿದೆ. ಅದೇ ಗ್ರೋವರ್‌ದು ಇನ್ನೆರಡು ಕೇಸ್ ನನ್ನ ಕೈಗೆ ಬಂದ ಮೇಲೆ ಅದನ್ನೂ ಬರೀತೀನಿ.

ಗೆದ್ದ ಕೇಸಲ್ಲಿ ಈಗ ಎರಡು ಬಾಟಲಿ ಉಳಿದಿದೆ. ಆ ಹಿರಿಯರು ಫೋನ್ ಮಾಡಿ ಒಂದು ಕೊಡ್ತೀಯಾ, ಬದಲಿಗೆ ನನ್ನ 2002ರ ವಿಂಟೇಜ್ ಒಂದು ತಗೋ ಅಂದ್ರು. ದುಡ್ಡಿನ ಲೆಕ್ಕದಲ್ಲಿ ನನಗೇ ಲಾಭ. ಕೊಡಕ್ಕಾಗಲ್ಲ ಸಾರ್, ಒಂಬತ್ತನೇ ವರ್ಷದ್ದು ತೆಗೆಯೋ ದಿನ ನೀವೇ ಬನ್ನಿ, 2002ನೂ ತನ್ನಿ, ಪಕ್ಕಪಕ್ಕ ಇಟ್ಟು ನೋಡೋಣ ಅಂದಿದ್ದೀನಿ. ಬರ್ತೀನಿ ಅಂದಿದ್ದಾರೆ.